ಲೆಕ್ಕ ನಿಂತಿದೆ, ಗಣಕ ಮಾತ್ರ ಹೇಳುತ್ತಿಲ್ಲ

ಅಲ್ಪಾವಧಿ ಕೃಷಿ ಸಾಲದ ಶೂನ್ಯ ಬಡ್ಡಿ ಮಿತಿಯನ್ನು ರಾಜ್ಯ ಸರ್ಕಾರ 2023ರ ಜುಲೈ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಅಡಿಕೆಯನ್ನು ನೆಚ್ಚಿಕೊಂಡಿರುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಕೃಷಿಕರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಘೋಷಣೆ ರೈತನ ಖಾತೆ ಮುಟ್ಟುವುದು ಊರಿನ ಸಹಕಾರಿ ಸಂಘದ ಲೆಕ್ಕದ ಮೂಲಕ. ಆ ಲೆಕ್ಕವೇ ಹಳೆಯ ಅಂಕಿಯಲ್ಲಿ ನಿಂತುಬಿಟ್ಟರೆ?

ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಹೊಸ ತಂತ್ರಾಂಶ ಬಂದ ಮಾತ್ರಕ್ಕೆ ಕಚೇರಿಗಳಲ್ಲಿ ಎಕ್ಸೆಲ್ ಪಟ್ಟಿಗಳು ಮಾಯವಾಗುವುದಿಲ್ಲ. ಅಪಾಯ ಅಡಗಿರುವುದು ಅಲ್ಲೇ.

ಒಂದು ಉದಾಹರಣೆ ನೋಡೋಣ. ಗುಮಾಸ್ತರು ಮಿತಿಯ ಮನೆಯಲ್ಲಿದ್ದ 3 ಲಕ್ಷವನ್ನು 5 ಲಕ್ಷವೆಂದು ತಿದ್ದುತ್ತಾರೆ. ಆದರೂ 4 ಲಕ್ಷ ಸಾಲ ಪಡೆದವರ ಸಾಲಿನಲ್ಲಿ, ಹಳೆಯ ಮಿತಿ ಮೀರಿದ 1 ಲಕ್ಷದ ಮೇಲಿನ ಬಡ್ಡಿ ಹಾಗೆಯೇ ಉಳಿದಿರುತ್ತದೆ. ಸೂತ್ರ ಸರಿಯಾಗಿದೆ, ಅಂಕಿ ಸರಿಯಾಗಿದೆ, ಉತ್ತರ ಮಾತ್ರ ತಪ್ಪು.

ಇದಕ್ಕೆ ಮುಖ್ಯ ಕಾರಣ, ಎಕ್ಸೆಲ್‌ನ ಲೆಕ್ಕಾಚಾರ 'ಮ್ಯಾನ್ಯುವಲ್' ಸ್ಥಿತಿಯಲ್ಲಿರುವುದು. ದೊಡ್ಡ ಪಟ್ಟಿ ನಿಧಾನವಾದಾಗ ಯಾರೋ ಹೀಗೆ ಬದಲಿಸಿ ಮರೆತಿರುತ್ತಾರೆ. ಅಂಥ ಕಡತವನ್ನು ಮೊದಲು ತೆರೆದರೆ ಅದರ ಬಳಿಕ ತೆರೆದ ಕಡತಗಳಿಗೂ ಅದೇ ಸ್ಥಿತಿ ಅಂಟಿಕೊಳ್ಳುತ್ತದೆ. ಮೇಲಿನ 'ಫಾರ್ಮುಲಾಸ್' ವಿಭಾಗದಲ್ಲಿ 'ಕ್ಯಾಲ್ಕುಲೇಷನ್ ಆಪ್ಷನ್ಸ್' ತೆರೆದು 'ಆಟೋಮ್ಯಾಟಿಕ್' ಆರಿಸುವುದೇ ಪರಿಹಾರ. ತುರ್ತಿಗೆ ಎಫ್9 ಕೀಲಿ ಒತ್ತಿದರೂ ಸಾಕು.

ಆಗಲೂ ಉತ್ತರ ಬದಲಾಗದಿದ್ದರೆ ಅಂಕಿಗಳನ್ನೇ ಅನುಮಾನಿಸಬೇಕು. '120 ಕೆ.ಜಿ.' ಎಂದು ಒಂದೇ ಮನೆಯಲ್ಲಿ ಬರೆದರೆ ಎಕ್ಸೆಲ್ ಅದನ್ನು ಸಂಖ್ಯೆಯೆಂದು ಪರಿಗಣಿಸದು. 'ಸಮ್' ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟು ಉಳಿದವನ್ನು ಕೂಡಿಸುತ್ತದೆ. ಉತ್ತರದ ಬದಲು ಸೂತ್ರವೇ ಕಾಣಿಸಿದರೆ ಆ ಮನೆ 'ಟೆಕ್ಸ್ಟ್' ರೂಪದಲ್ಲಿರುವ ಸಾಧ್ಯತೆ ಹೆಚ್ಚು. ಅದನ್ನು 'ಜನರಲ್' ಮಾಡಿ, ಎಫ್2 ಮತ್ತು ಎಂಟರ್ ಒತ್ತಬೇಕು.

ಇದು ಹಳ್ಳಿಯ ಸಂಘಗಳ ಸಮಸ್ಯೆ ಮಾತ್ರ ಎಂದು ಮೂಗು ಮುರಿಯಬೇಕಿಲ್ಲ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ದೈನಂದಿನ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಹಳೆಯ ಎಕ್ಸೆಲ್ ಕಡತದ ಸಾಲುಗಳ ಮಿತಿ ಅದಕ್ಕೆ ಕಾರಣವಾಗಿತ್ತು. ಅಲ್ಲಿ ಕಾರಣ ಬೇರೆ, ಆದರೆ ಯಂತ್ರದ ಮೌನ ಒಂದೇ.

ಲೆಡ್ಜರ್ ಕಾಲದಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೂಡಿಸಿ ನೋಡುತ್ತಿದ್ದರು. ಗಣಕ ಬಂದ ಮೇಲೆ ಮುದ್ರಿತ ಹಾಳೆಯೇ ಪ್ರಮಾಣವಾಗಿದೆ. ಕೌಂಟರಿನ ಮುಂದೆ ನಿಂತ ರೈತ 'ಕಂಪ್ಯೂಟರಿನಲ್ಲಿ ಹೀಗೇ ಬಂದಿದೆ' ಎಂಬ ಮಾತಿಗೆ ಎದುರಾಡುವುದಾದರೂ ಹೇಗೆ? ದರವೋ ಮಿತಿಯೋ ಬದಲಾದ ದಿನ ನಾಲ್ಕೈದು ಖಾತೆಗಳನ್ನಾದರೂ ಕೈಯಾರೆ ಲೆಕ್ಕ ಹಾಕಿ ತಾಳೆ ನೋಡುವುದನ್ನು ಸಂಘಗಳು ಕಡ್ಡಾಯ ಮಾಡಿಕೊಳ್ಳಲಿ. ಅದಕ್ಕೆ ಹತ್ತು ನಿಮಿಷ ಸಾಕು. ತಪ್ಪು ಬಡ್ಡಿ ಕಟ್ಟಿದವನು ಅದನ್ನು ಮರಳಿ ಪಡೆಯಲು ಎಷ್ಟು ಬಾರಿ ಅಲೆಯಬೇಕೋ ಯಾರು ಬಲ್ಲರು?