ಸೋಸಿದರೆ ಹೋಗುವ ನೋವಲ್ಲ

"ರಕ್ತ ಸೋಸ್ಬುಟ್ರ ಕೀಲ್ನೋವೆಲ್ಲ ಓಯ್ತದಂತ ಕನಕ್ಕ." ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಮಾತು. ಕೇಳುತ್ತಿದ್ದ ಅಕ್ಕನ ಎರಡೂ ಕೈಯ ಗೆಣ್ಣುಗಳು ಊದಿದ್ದವು; ಚಿಲ್ಲರೆಯನ್ನು ಬೆರಳಲ್ಲಿ ಹಿಡಿಯಲಾಗದೆ ಅಂಗೈಗೆ ಸುರಿದುಕೊಂಡರು. ಚೆಂಡುಹೂ ಬಿಡಿಸುವ ಸೀಮೆಯಲ್ಲಿ ಬೆರಳು ಮಡಚದಿದ್ದರೆ ಕೂಲಿಯಿಲ್ಲ.

ರಕ್ತಶುದ್ಧಿಯ ಟಾನಿಕ್ಕುಗಳೆಂದರೆ ನನಗೆ ಮೈ ಉರಿಯುತ್ತದೆಂದು ಈ ಅಂಕಣದ ಓದುಗರಿಗೆ ಗೊತ್ತು. ಆದರೆ ಇದು ಬರೀ ಗಾಳಿಮಾತಲ್ಲ. ರುಮಟಾಯ್ಡ್ ಸಂಧಿವಾತಕ್ಕೆ 'ಪ್ರೊಸಾರ್ಬಾ' ಎಂಬ ಸೋಸುಕೊಳವೆಯನ್ನು ಬಳಸಲು 1999ರಲ್ಲಿ ಅಮೆರಿಕ ಸರ್ಕಾರವೇ ಒಪ್ಪಿಗೆ ಕೊಟ್ಟಿತ್ತು. ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ, ಸಿಲಿಕಾ ತುಂಬಿದ ಕೊಳವೆಯಲ್ಲಿ ಹಾಯಿಸಿ, ಮರಳಿ ಮೈಗೆ ಬಿಡುವುದು. ವಾರಕ್ಕೊಮ್ಮೆಯಂತೆ 12 ವಾರ.

ಸಿಲಿಕಾಕ್ಕೆ ಅಂಟಿಸಿದ್ದು 'ಪ್ರೊಟೀನ್ ಎ'. ನನ್ನ ಮನಸ್ಸು ಸಿಕ್ಕಿಬಿದ್ದದ್ದು ಇಲ್ಲೇ. ಅದು ಮೈಮೇಲೆ ಕುರು ಎಬ್ಬಿಸುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾದ ಸ್ವತ್ತು. ಪ್ರತಿಕಾಯಕ್ಕೆ ಶತ್ರುವನ್ನು ಹಿಡಿಯಲು ಎರಡು ತೋಳು, ರಕ್ಷಣಾಕೋಶಗಳನ್ನು ಕರೆಯಲು ಒಂದು ಬಾಲ. ಈ ಕಿಲಾಡಿ ಬ್ಯಾಕ್ಟೀರಿಯಾ ಬಾಲವನ್ನೇ ಹಿಡಿದು ಕರೆ ಅಡಗಿಸುತ್ತದೆ. ನಾರ್ವೆಯ ವಾಲರ್ 1940ರಲ್ಲಿ, ಅಮೆರಿಕದ ರೋಸ್ 1948ರಲ್ಲಿ ಗುರುತಿಸಿದ, ಈ ಸಂಧಿವಾತದ ಹಲವರ ರಕ್ತದಲ್ಲಿ ಕಾಣುವ ರುಮಟಾಯ್ಡ್ ಫ್ಯಾಕ್ಟರ್ ಕೂಡ ನಮ್ಮದೇ ಪ್ರತಿಕಾಯದ ಬಾಲಕ್ಕೆ ಅಂಟಿಕೊಳ್ಳುವ ಪ್ರತಿಕಾಯ! ಹಗೆಯ ಉಪಾಯವೂ ಮೈಯ ಎಡವಟ್ಟೂ ಒಂದೇ ಕಡೆ ಕೈಯಿಡುತ್ತವೆ.

ಬಾಲ ಹಿಡಿಯುವ ಪ್ರೊಟೀನಿನಿಂದಲೇ ಕಾಟ ಕೊಡುವ ಪ್ರತಿಕಾಯಗಳನ್ನು ಸೋಸಿ ತೆಗೆಯಬಹುದೆಂಬ ಇಷ್ಟು ಚೆಂದದ ತರ್ಕವಿದ್ದರೂ ಲೆಕ್ಕ ಕೂಡಲಿಲ್ಲ. ಕೊಳವೆ ಹಿಡಿದಿಟ್ಟ ಪ್ರತಿಕಾಯ ತೀರಾ ಕಡಿಮೆ. ಗುಣ ಕಂಡವರು ಮೂರರಲ್ಲೊಬ್ಬರು, ಅದೂ ವಾರಗಟ್ಟಲೆ ತಡವಾಗಿ. ತೆಗೆದಷ್ಟನ್ನೂ ದೇಹ ಮತ್ತೆ ತಯಾರಿಸುತ್ತದೆ. ಬೇರು ಬಿಟ್ಟು ಕಳೆ ಕೊಯ್ದ ಹಾಗೆ. 2006ರಲ್ಲಿ ಪ್ರೊಸಾರ್ಬಾ ಮಾರುಕಟ್ಟೆಯಿಂದ ಮರೆಯಾಯಿತು. ಅದೇ ವರ್ಷ, ಪ್ರತಿಕಾಯ ತಯಾರಿಸುವ ಕೋಶಗಳ ಮೂಲವಾದ ಬಿ ಕೋಶಗಳನ್ನೇ ತೆಗೆಯುವ ರಿಟುಕ್ಸಿಮ್ಯಾಬ್‌ಗೆ ಈ ಕಾಯಿಲೆಯಲ್ಲಿ ಅನುಮತಿ ಸಿಕ್ಕಿತು.

ಇನ್ನು ಲ್ಯಾಬಿನ ಚೀಟಿ. ಆರೋಗ್ಯವಂತರಲ್ಲೂ ಕೆಲವರಿಗೆ ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್ ಬರುತ್ತದೆ, ಕಾಯಿಲೆಯಿದ್ದೂ ಕೆಲವರಿಗೆ ಬರುವುದಿಲ್ಲ. ಹಾಗಾದರೆ ಕೇಳಬೇಕಾದದ್ದು ರಕ್ತದಲ್ಲಿ ಏನು ತೇಲುತ್ತಿದೆ ಎಂದಲ್ಲ, ಮದ್ದು ಶುರುವಾಗುವ ಮೊದಲು ಎಷ್ಟು ತಿಂಗಳು ಕಳೆದವು ಎಂದು. ಕೀಲಿನ ಮೂಳೆ ಸವೆಯುವುದು ಮೊದಲ ಒಂದೆರಡು ವರ್ಷದಲ್ಲೇ ಶುರುವಾಗುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಬೆಳಿಗ್ಗೆ ಎದ್ದಾಗ ಬೆರಳು ಗಂಟೆಗಟ್ಟಲೆ ಬಿಗಿದಿದ್ದರೆ, ಊತ ಆರು ವಾರ ಇಳಿಯದಿದ್ದರೆ, ನೋವಿನ ಇಂಜೆಕ್ಷನ್ನಿನಲ್ಲಿ ದಿನ ದೂಡದೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಮೈಸೂರಿಗೋ ಹೋಗಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಒಂದು ನೆನಪಿಡಿ: ಅದು ವಾರಕ್ಕೊಂದೇ ದಿನ ನುಂಗುವ ಮಾತ್ರೆ. ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ.