ಮನೆವಾರ್ತೆ: ನಿಂತಲ್ಲಿ ನಡುಗುವ ಕಾರು



ಕಳೆದ ಶ್ರಾವಣದಲ್ಲಿ ಕುಟುಂಬಸಮೇತರಾಗಿ ಮಠದ ದರ್ಶನಕ್ಕೆ ಹೊರಟಿದ್ದೆವು. ಓಡುವಾಗ ಸುಖವಾಗಿಯೇ ಇದ್ದ ಕಾರು ರೈಲ್ವೆ ಗೇಟಿನ ಬಳಿ ನಿಂತೊಡನೆ ನಡುಗತೊಡಗಿ, ಗೇಟು ತೆರೆಯುವ ವೇಳೆಗೆ ಬಂದ್ ಆಯಿತು. ಹಿಂದೆ ವಾಹನಗಳ ಸಾಲು. ಒಳಗೆ ವಯೋವೃದ್ಧರಾದ ತಾಯಿಯವರು. ಹಳಿಗಳ ಮೇಲೆ ಹೀಗಾಗಿದ್ದರೆ ಏನು ಗತಿ ಎಂಬ ಭೀತಿ ಇಂದಿಗೂ ಮಾಸಿಲ್ಲ.

ಗ್ಯಾರೇಜೊಂದರಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಪೆಟ್ರೋಲ್ ಪಂಪನ್ನೂ ಬದಲಿಸಿದರು. ಹಣ ವ್ಯಯವಾಯಿತು, ನಡುಕ ಉಳಿಯಿತು. ಅನಂತರ ಕಂಡ ಹಿರಿಯ ಮೆಕ್ಯಾನಿಕರೊಬ್ಬರು ಪಾನೆ ಹಿಡಿಯುವ ಮೊದಲು ಕಿವಿಗೊಟ್ಟು ಆಲಿಸಿದರು. ‘ಸುಯ್’ ಎಂಬ ಸದ್ದಿನ ಜಾಡು ಹಿಡಿದು, ಬಿರುಕುಬಿಟ್ಟ ರಬ್ಬರಿನ ವ್ಯಾಕ್ಯೂಮ್ ಪೈಪನ್ನು ತೋರಿಸಿದರು. ಅದನ್ನು ಬದಲಿಸಿದೊಡನೆ ಎಂಜಿನ್ ಶಾಂತವಾಯಿತು. ಇಂತಹ ಬಿರುಕಿನಿಂದ ಹೆಚ್ಚುವರಿ ಗಾಳಿ ಒಳನುಗ್ಗಿ ಪೆಟ್ರೋಲಿನ ಮಿಶ್ರಣ ತೆಳುವಾಗುತ್ತದೆ. ವೇಗದಲ್ಲಿ ಅದು ಅಷ್ಟಾಗಿ ತೋರದು. ಎಂಜಿನ್ ಅಲ್ಪ ಗಾಳಿಯನ್ನು ಸೇವಿಸುವ ಐಡ್ಲಿಂಗ್‌ನಲ್ಲಿ ಎದ್ದು ಕಾಣುತ್ತದೆ.

ರೋಗವನ್ನರಿಯದೆ ಔಷಧ ಕೊಡಲಾಗದು. ಬಿಸಿಯಾದ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ ನಿಂತಲ್ಲಿ ನಿಮಿಷಕ್ಕೆ ೭೦೦ರಿಂದ ೯೦೦ ಸುತ್ತು ತಿರುಗುತ್ತದೆ. ಸುತ್ತು ಸಮವಾಗಿದ್ದೂ ಕಾರು ನಡುಗಿದರೆ ಎಂಜಿನ್ ಮೌಂಟಿಂಗ್ ಸವೆದಿರಬಹುದು. ಸುತ್ತು ಏರಿಳಿಯುತ್ತಿದ್ದರೆ ಗಾಳಿಯ ಸೋರಿಕೆಯನ್ನೂ ಥ್ರಾಟಲ್‌ಗೆ ಹತ್ತಿದ ಮಸಿಯನ್ನೂ ಪರೀಕ್ಷಿಸಿರಿ. ಹಳೆಯ ಕಾರ್ಬುರೇಟರ್ ಕಾರುಗಳಲ್ಲಿ ಸ್ಲೋ ಜೆಟ್ ಕಟ್ಟಿಕೊಂಡಿರುವುದೂ ಉಂಟು. ತಾಳ ತಪ್ಪಿದಂತೆ ‘ಮಿಸ್ಸಿಂಗ್’ ಆದರೆ ಪ್ಲಗ್ಗು, ಕಾಯಿಲ್‌ಗಳನ್ನು ನೋಡಿಸಿರಿ. ಪ್ಲಗ್ಗಿನ ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ಕ್ಷೇಮ. ಒಣ ಮಸಿಯಿದ್ದರೆ ಪೆಟ್ರೋಲ್ ಅಧಿಕವಾಗಿದೆ. ಏರ್ ಫಿಲ್ಟರ್ ಕೊಳೆಯಾಗಿದೆಯೇ ನೋಡಿರಿ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಎಂಜಿನ್ ದೀಪ ಮಿನುಗುತ್ತಿದ್ದರೆ ಕಾರನ್ನು ಮುಂದಕ್ಕೆ ಓಡಿಸಬೇಡಿರಿ. ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ.

ಮನೆಯವರೆಲ್ಲ ಅರಿಯಬೇಕಾದ ಎಚ್ಚರಿಕೆಯೊಂದಿದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಪರೀಕ್ಷಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅರಿವಿಗೆ ಬರುವ ಮುನ್ನವೇ ಪ್ರಾಣ ತೆಗೆಯಬಲ್ಲದು.

ಆ ಹಿರಿಯರು ಪೈಪಿನ ಬೆಲೆಯನ್ನೂ ಅರ್ಧ ಗಂಟೆಯ ಕೂಲಿಯನ್ನೂ ಮಾತ್ರ ಪಡೆದರು. ಬೇಡದ ಭಾಗವನ್ನು ಹಾಕದೆ, ಇರುವ ದೋಷವನ್ನು ಬಿಡದೆ ದುಡಿಯುವ ಕೈ ಕಾಯಕದ ಕೈ. ಅಂಥವರು ದೊರೆತಾಗ ಕೂಲಿಗೆ ಚೌಕಾಶಿ ಮಾಡದಿರುವುದು ನಮ್ಮ ಧರ್ಮ.