ಗೃಹಕೃತ್ಯ: ಮನೆಯ ಕೋವಿಯ ಲೆಕ್ಕ

ಹಾಲಿನ ಲೆಕ್ಕ, ಕೂಲಿಯ ಲೆಕ್ಕ, ದಿನಸಿ ಅಂಗಡಿಯ ಲೆಕ್ಕ ಇವನ್ನು ಬರೆದಿಡದ ಗೃಹಸ್ಥರು ವಿರಳ. ಅಡಕೆ, ಕಾಫಿ, ಏಲಕ್ಕಿಗಳನ್ನು ಬೆಳೆಯುವ ಮನೆಗಳಲ್ಲಂತೂ ಒಂದು ಮೂಟೆ ಹೆಚ್ಚುಕಡಮೆಯಾದರೂ ಪುಸ್ತಕವು ಹೇಳಿಬಿಡುತ್ತದೆ. ಆದರೆ ಅದೇ ಮನೆಯ ಒಳಕೋಣೆಯಲ್ಲಿರುವ ಕೋವಿಗೆ ಎಷ್ಟು ತೋಟಾಗಳನ್ನು ಕೊಂಡಿರಿ, ಎಷ್ಟು ಸುಟ್ಟಿರಿ, ಎಷ್ಟು ಉಳಿದಿವೆ ಎಂದು ಕೇಳಿದರೆ ಯಜಮಾನರು ಮಾಡಿನ ಕಡೆಗೆ ನೋಡುವುದೇ ಹೆಚ್ಚು. ಈ ತಿಂಗಳು ಆ ಲೆಕ್ಕದ ವಿಚಾರವಾಗಿ ಎರಡು ಮಾತು ಬರೆಯಬೇಕೆಂದಿದ್ದೇವೆ.

ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹಂದಿ, ಮಂಗಗಳ ಕಾಟದಿಂದ ಬೆಳೆಯನ್ನು ಕಾಯುವುದಕ್ಕೆಂದು ಕೋವಿಯನ್ನು ಇಟ್ಟುಕೊಂಡಿರುವ ಮನೆಗಳು ಅನೇಕವಾಗಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಂದ ವಿನಾಯಿತಿಯುಂಟು; ಕೇಂದ್ರ ಸರಕಾರವು 2019 ರಲ್ಲಿ ಅದನ್ನು 2029 ರ ವರೆಗೆ ಮುಂದುವರಿಸಿತು. ಉಳಿದವರೆಲ್ಲರೂ 1959 ರ ಆಯುಧ ಕಾಯಿದೆಗೂ 2016 ರ ನಿಯಮಗಳಿಗೂ ಒಳಪಟ್ಟು ಪರವಾನಿಗೆಯನ್ನು ಪಡೆಯತಕ್ಕವರು. 2019 ರ ತಿದ್ದುಪಡಿಯಿಂದ ಎರಡು ಮಾರ್ಪಾಡುಗಳಾದವು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದವು. ಪರವಾನಿಗೆಯ ಅವಧಿಯು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಅವಧಿ ಹೆಚ್ಚಿದುದು ಅನುಕೂಲವೇ ಸರಿ. ಆದರೆ ಮೂರು ವರ್ಷದ ಸಂಗತಿಯನ್ನೇ ನೆನಪಿಡಲಾರದವರು ಐದು ವರ್ಷದ್ದನ್ನು ಹೇಗೆ ನೆನಪಿಟ್ಟಾರು?

ಪರವಾನಿಗೆಯ ಹಾಳೆಯನ್ನು ಒಮ್ಮೆ ಸಾವಧಾನವಾಗಿ ಓದಿನೋಡಬೇಕು. ಅದರಲ್ಲಿ ತೋಟಾಗಳಿಗೆ ಎರಡು ಮಿತಿಗಳಿರುತ್ತವೆ: ಒಂದೇ ವೇಳೆಯಲ್ಲಿ ಮನೆಯಲ್ಲಿರಬಹುದಾದ ಸಂಖ್ಯೆ ಒಂದು, ವರ್ಷವೊಂದರಲ್ಲಿ ಕೊಳ್ಳಬಹುದಾದ ಸಂಖ್ಯೆ ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿದು ತೊಡಕಿಗೆ ಸಿಕ್ಕುವವರುಂಟು. ಮಾತಿಗಾಗಿ, ಒಂದು ವೇಳೆಗೆ 25, ವರ್ಷಕ್ಕೆ 50 ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ 18 ಉಳಿದಿರುವಾಗ ಅಂಗಡಿಗೆ ಹೋದರೆ 7 ನ್ನು ಮಾತ್ರ ಕೊಳ್ಳಬಹುದು. 10 ನ್ನು ತಂದರೆ ವರ್ಷದ ಮಿತಿಯು ದಾಟದಿದ್ದರೂ ಮನೆಯಲ್ಲಿ 28 ಆಗಿ ಷರತ್ತು ಮುರಿಯುತ್ತದೆ. ಉಳಿದುದೆಷ್ಟೆಂದು ತಿಳಿಯದವನಿಗೆ ಕೊಳ್ಳಬೇಕಾದುದೆಷ್ಟೆಂದು ತಿಳಿಯುವ ಬಗೆ ಯಾವುದು?

ಕೊಂಡ ತೋಟಾಗಳ ಸಂಖ್ಯೆಯನ್ನೂ ತಾರೀಖನ್ನೂ ಮದ್ದುಗುಂಡಿನ ಅಂಗಡಿಯವರು ಪರವಾನಿಗೆಯಲ್ಲಿಯೇ ನಮೂದಿಸಿ ರುಜು ಹಾಕುತ್ತಾರೆ. ಸುಟ್ಟುದನ್ನು ನಮೂದಿಸುವವರು ಯಾರೂ ಇಲ್ಲ. ಅದನ್ನು ಬರೆಯತಕ್ಕವನು ಯಜಮಾನನೊಬ್ಬನೇ. ನವೀಕರಣದ ಕಾಲದಲ್ಲಿ ಪೋಲೀಸು ಠಾಣೆಯ ವರದಿಗಾಗಿ ವಿಚಾರಣೆ ನಡೆಯುವಾಗ, ಕೊಂಡುದು ಇಷ್ಟು, ಉಳಿದುದು ಇಷ್ಟು, ನಡುವಣ ಅಂತರವೆಲ್ಲಿ ಎಂಬ ಪ್ರಶ್ನೆ ಬಂದರೆ, ಬರೆದಿಟ್ಟ ಪುಸ್ತಕಕ್ಕಿಂತ ಮೇಲಾದ ಉತ್ತರವಿಲ್ಲ.

ಈ ಪುಸ್ತಕಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ಗಟ್ಟಿ ರಟ್ಟಿನ ಒಂದು ನೋಟುಪುಸ್ತಕ ಸಾಕು. ಮೊದಲೇ ಎಲ್ಲ ಪುಟಗಳಿಗೂ ಅಂಕೆ ಹಾಕತಕ್ಕದ್ದು. ಒಂದನೆಯ ಪುಟದಲ್ಲಿ ಪರವಾನಿಗೆಯ ನಂಬರು, ದೇಶದ ಒಟ್ಟು ದಾಖಲೆಯಲ್ಲಿ ಅದಕ್ಕೆ ಕೊಟ್ಟಿರುವ ಪ್ರತ್ಯೇಕ ಗುರುತುಸಂಖ್ಯೆ, ಅವಧಿ ಮುಗಿಯುವ ತಾರೀಖು, ಕೋವಿಯ ತಯಾರಕರ ಹೆಸರು, ಅದರ ಮೇಲೆ ಕೊರೆದ ನಂಬರು, ಬೋರು, ಮೇಲೆ ಹೇಳಿದ ಎರಡು ಮಿತಿಗಳು ಇವನ್ನು ಬರೆಯಬೇಕು. ಮುಂದಿನ ಪುಟಗಳಲ್ಲಿ ಈ ಅಂಕಣಗಳು: ತಾರೀಖು, ಕೊಂಡುದು, ಅಂಗಡಿಯ ಬಿಲ್ಲಿನ ನಂಬರಿನೊಡನೆ, ಸುಟ್ಟುದು, ಎಲ್ಲಿ, ಏತಕ್ಕೆ, ಹಾರದೆ ಉಳಿದುದು ಅಥವಾ ಕೆಟ್ಟುದು, ಕೈಯಲ್ಲಿ ಉಳಿದುದು. ಕೇಪಿನ ಕೋವಿಯುಳ್ಳವರು ಮದ್ದನ್ನು ತೂಕದಿಂದಲೂ ಕೇಪುಗಳನ್ನು ಎಣಿಕೆಯಿಂದಲೂ ಬರೆಯಬೇಕು. ಗುರಿ ಅಭ್ಯಾಸಕ್ಕೆ ಹೋಗುವವರು ಅಭ್ಯಾಸದ ಸ್ಥಳವನ್ನೂ ಸುಟ್ಟ ಸಂಖ್ಯೆಯನ್ನೂ ಅಂದಂದೇ ಬರೆದು, ಸಾಧ್ಯವಾದರೆ ಅಲ್ಲಿಯ ಮೇಲ್ವಿಚಾರಕರ ರುಜುವನ್ನು ಪಡೆಯುವುದು ಲೇಸು.

ಬರೆಯುವುದು ಅಂದಿನದು ಅಂದೇ ಆಗಬೇಕು. ಐದು ವರ್ಷದ ಲೆಕ್ಕವನ್ನು ಒಂದೇ ರಾತ್ರಿ ಒಂದೇ ಶಾಯಿಯಲ್ಲಿ ಬರೆದ ಪುಸ್ತಕವು ಲೆಕ್ಕವಲ್ಲ, ಕಥೆ. ತಪ್ಪು ಬಿದ್ದಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ರುಜು ಹಾಕಬೇಕೇ ಹೊರತು ಹಾಳೆಯನ್ನು ಹರಿಯಬಾರದು. ಸುಟ್ಟ ಖಾಲಿ ತೋಟಾಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡಬೇಕು. ಪುಸ್ತಕದ ಮಾತಿಗೆ ಅವು ಸಾಕ್ಷಿ. ಮಳೆಗಾಲದ ತಂಪಿನಿಂದ ಉಬ್ಬಿದ, ಕಿಲುಬು ಹಿಡಿದ ತೋಟಾಗಳನ್ನು ಬಾವಿಗೂ ಬೆಂಕಿಗೂ ಎಸೆಯದೆ, ಬೇರೆಯಾಗಿರಿಸಿ, ಅಂಗಡಿಯವರನ್ನಾಗಲಿ ಠಾಣೆಯನ್ನಾಗಲಿ ವಿಚಾರಿಸಿ ಒಪ್ಪಿಸುವುದು ಕ್ರಮ. ನೆರೆಯವರು ಎಷ್ಟೇ ಆಪ್ತರಾಗಿರಲಿ, ಕಾಫಿಪುಡಿ ಸಕ್ಕರೆಗಳಂತೆ ತೋಟಾಗಳನ್ನು ಕೈಸಾಲವಾಗಿ ಕೊಡತಕ್ಕದ್ದಲ್ಲ.

‘ಏತಕ್ಕೆ’ ಎಂಬ ಅಂಕಣದ ವಿಷಯವಾಗಿ ಒಂದು ಎಚ್ಚರಿಕೆಯುಂಟು. ಬೆಳೆರಕ್ಷಣೆಯ ಪರವಾನಿಗೆಯು ಬೇಟೆಯ ಪರವಾನಿಗೆಯಲ್ಲ. 1972 ರ ವನ್ಯಜೀವಿ ಕಾಯಿದೆಯಂತೆ, ಬೆಳೆಯನ್ನು ಹಾಳುಮಾಡುವ ಹಂದಿಯನ್ನು ಕೊಲ್ಲುವುದಕ್ಕೂ ಅಧಿಕಾರವುಳ್ಳವರ ಲಿಖಿತ ಅನುಮತಿ ಬೇಕು. ಹೆದರಿಸುವುದಕ್ಕಾಗಿ ಹಾರಿಸಿದ್ದರೆ ಹಾಗೆಂದೇ ಬರೆಯಬೇಕು. ಅನುಮತಿ ಪಡೆದಿದ್ದರೆ ಅದರ ನಂಬರನ್ನೂ ಬರೆಯಬೇಕು. ಅಭಯಾರಣ್ಯದಿಂದ 10 ಕಿಲೋಮೀಟರಿನ ಒಳಗೆ ವಾಸಿಸುವ ಪರವಾನಿಗೆದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂದೂ ಅದೇ ಕಾಯಿದೆಯಲ್ಲಿದೆ. ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಯಲ್ಲಿ ಇರಿಸಿದ್ದರೆ, ಇರಿಸಿದ ದಿನ, ರಸೀದಿಯ ನಂಬರು, ಹಿಂದಕ್ಕೆ ತಂದ ದಿನ ಈ ಮೂರನ್ನೂ ನಮೂದಿಸಬೇಕು.

ಇದಿಷ್ಟೂ ಕಚೇರಿಯ ಸಲುವಾಗಿ ಎಂದು ಯಾರಾದರೂ ತಿಳಿದರೆ ಅದು ಪೂರ್ತಿ ನಿಜವಲ್ಲ. ತಿಂಗಳ ಮೊದಲನೆಯ ದಿನ ಪೆಟ್ಟಿಗೆಯ ಬೀಗ ತೆಗೆದು ತೋಟಾಗಳನ್ನು ಎಣಿಸಿ ಪುಸ್ತಕದೊಡನೆ ತಾಳೆ ನೋಡಿದಿರಿ ಎನ್ನೋಣ. ಪುಸ್ತಕದಲ್ಲಿ 18, ಪೆಟ್ಟಿಗೆಯಲ್ಲಿ 17. ಆ ಒಂದು ಎಲ್ಲಿ ಹೋಯಿತು? ಅಂಗಿಯ ಜೇಬಿನಲ್ಲಿದೆಯೋ, ತೋಟದ ಶೆಡ್ಡಿನಲ್ಲಿದೆಯೋ, ಮಕ್ಕಳ ಆಟದ ಸಾಮಾನಿನಲ್ಲಿದೆಯೋ, ಕೋವಿಯ ನಳಿಗೆಯಲ್ಲಿಯೇ ಉಳಿದಿದೆಯೋ? ಲೆಕ್ಕವಿಲ್ಲದ ಮನೆಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಉತ್ತರವು ಮಾತ್ರ ಒಂದು ದಿನ ತಾನಾಗಿಯೇ ಸಿಡಿದು ಬರಬಹುದು. ಮನೆಯೆಲ್ಲ ಹುಡುಕಿಯೂ ಸಿಕ್ಕದಿದ್ದರೆ ತಡಮಾಡದೆ ಠಾಣೆಗೆ ತಿಳಿಸಬೇಕು. ಕೋವಿಯನ್ನು ಒಂದು ಕಡೆ, ತೋಟಾಗಳನ್ನು ಇನ್ನೊಂದು ಕಡೆ ಬೀಗದೊಳಗೆ ಇರಿಸಬೇಕೆಂಬುದನ್ನು ನಾವು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಪುಸ್ತಕವೆಲ್ಲಿದೆಯೆಂಬುದು ಮನೆಯ ಯಜಮಾನಿತಿಗೂ ಪ್ರಾಯಕ್ಕೆ ಬಂದ ಮಕ್ಕಳಿಗೂ ಗೊತ್ತಿರಬೇಕು. ಯಜಮಾನರು ಕಾಲವಾದರೆ ಆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ಉಳಿದವರಿಗೆ ತಾನಾಗಿ ಬರುವುದಿಲ್ಲ. ಠಾಣೆಯಲ್ಲಾಗಲಿ ಪರವಾನಿಗೆಯುಳ್ಳ ಅಂಗಡಿಯಲ್ಲಾಗಲಿ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಿಗೆಯನ್ನು ಕೋರಬೇಕು. ಯಜಮಾನರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿಯು 25 ವರ್ಷ ಅವರ ವಶದಲ್ಲಿದ್ದರೆ, ಅವರು ಜೀವಂತರಾಗಿರುವಾಗಲೇ ವಾರಸುದಾರರಿಗೆ ವರ್ಗಾಯಿಸುವಂತೆ ಕೋರುವುದಕ್ಕೆ ನಿಯಮದಲ್ಲಿ ಅವಕಾಶವುಂಟು. ದುಃಖದ ಮನೆಯಲ್ಲಿ, ಎಷ್ಟಿದ್ದವು ಎಷ್ಟಿಲ್ಲ ಎಂದು ತಿಳಿಯದೆ ಹೆಂಗಸರು ಮಕ್ಕಳು ವಿಚಾರಣೆಗೆ ಉತ್ತರ ಹೇಳುವಂತಾಗುವುದು ಯಾರಿಗೆ ಹಿತ?

ಕಡೆಯದಾಗಿ, ನವೀಕರಣಕ್ಕೆ ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಸಿದ್ಧರಾಗುವುದು ಒಳ್ಳೆಯದು. ಅವಧಿ ಕಳೆದ ಪರವಾನಿಗೆಯ ಕೋವಿಯು ಮನೆಯಲ್ಲಿದ್ದರೆ, ನೆನ್ನೆ ಬೆಳೆ ಕಾಯ್ದ ವಸ್ತುವೇ ಇಂದು ಅಪರಾಧದ ವಸ್ತುವಾಗುತ್ತದೆ. ‘ಯುದ್ಧಕಾಲೇ ಶಸ್ತ್ರಾಭ್ಯಾಸಃ’ ಎಂದು ಹಿರಿಯರು ಹಾಸ್ಯಮಾಡಿದುದು ಇಂಥವರನ್ನೇ. ಮುಂದಿನ ತಿಂಗಳ ಮೊದಲನೆಯ ದಿನಕ್ಕೆ ಕಾಯದೆ, ಇಂದೇ ಪೆಟ್ಟಿಗೆಯನ್ನು ತೆರೆದು ಎಣಿಸಿ, ಪುಸ್ತಕದ ಮೊದಲನೆಯ ಸಾಲನ್ನು ಬರೆಯಬೇಕೆಂದು ನಮ್ಮ ವಾಚಕರಲ್ಲಿ ವಿಜ್ಞಾಪಿಸುತ್ತೇವೆ.